ಹನ್ನೊಂದು ದಿನ ಬಾಯಿಗೆ ಬೀಗ

ಏಪ್ರಿಲ್ 9, ಬುಧವಾರ

ನಿನ್ನೆ ಗಂಟಲಿಗೆ ಕತ್ತರಿ ಹಾಕಿದರು. ಧ್ವನಿತಂತಿಯ ಮೇಲೆ ಸಾಸಿವೆ ಕಾಳಿನಷ್ಟು ದೊಡ್ಡ ಎರಡು ಗಂಟುಗಳಿದ್ದವಂತೆ, ತೆಗೆದಾಯಿತು. ಇನ್ನು ಹದಿನೆಂಟನೇ ತಾರೀಖಿನವರೆಗೆ ಬಾಯಿಂದ ಒಂದು ಶಬ್ದವೂ ಹೊರಡಕೂಡದು. ಪಿಸುಗುಟ್ಟುವುದೂ ಬೇಡ, ಅದು ಕೂಗುವುದಕ್ಕಿಂತ ಕೆಟ್ಟದ್ದು ಎಂದರು ಡಾಕ್ಟರು. ತಪ್ಪಿ ಮಾತಾಡಿದರೆ ಏನಾಗುತ್ತದೆ ಎಂದು ಚೀಟಿಯಲ್ಲಿ ಬರೆದು ಕೇಳಿದೆ. "ಮೈಕ್ ಮರೆತುಬಿಡ್ಬೇಕಾಗುತ್ತೆ" ಎಂದರು. ನಗುತ್ತಲೇ ಹೇಳಿದರು, ನನಗೆ ನಗು ಬರಲಿಲ್ಲ.

ಇಪ್ಪತ್ತೆರಡು ವರ್ಷದಿಂದ ಬಸ್ ನಿಲ್ದಾಣದ ಅನೌನ್ಸರ್ ನಾನು. 'ಪ್ರಯಾಣಿಕರ ಗಮನಕ್ಕೆ' ಎಂದು ಶುರು ಮಾಡಿದರೆ ಬೆಂಚಿನ ಮೇಲೆ ಗೊರಕೆ ಹೊಡೆಯುವವನೂ ಎದ್ದು ಚೀಲ ತಡಕಿಕೊಳ್ಳುತ್ತಾನೆ. ನನ್ನ ಕುರ್ಚಿಯಲ್ಲಿ ಈಗ ವಿಚಾರಣೆ ಕೌಂಟರಿನ ಹುಡುಗಿ ಕೂತಿದ್ದಾಳೆ. ಮಾತುಮಾತಿಗೂ ಕೆಮ್ಮುತ್ತಾಳೆ.

ಮನೆಯಲ್ಲಿದ್ದರೆ ನಾನು ಬಾಯಿ ಮುಚ್ಚಿಕೊಂಡಿರುವುದಿಲ್ಲ ಎಂದು ಹೆಂಡತಿ ತೀರ್ಮಾನಿಸಿದ್ದಾಳೆ. ಫೋನ್ ಎತ್ತುತ್ತೇನಂತೆ, ಪಕ್ಕದ ಮನೆಯವರ ಜೊತೆ ಕಾರು ನಿಲ್ಲಿಸುವ ಜಾಗಕ್ಕೆ ಜಗಳವಾಡುತ್ತೇನಂತೆ. ಹಾಗಾಗಿ ನಾಳೆಯೇ ಸಮುದ್ರದ ದಡಕ್ಕೆ ಹೋಗಿ ಡೇರೆ ಹಾಕುವುದು. ಅವಳ ತಮ್ಮ ಶಾಲೆಯ ವ್ಯಾನ್ ಓಡಿಸುತ್ತಾನೆ, ಶಾಲೆಗೆ ರಜೆ. ಡೇರೆಯೂ ಅವನದೇ, ಉತ್ಸಾಹವೂ ಅವನದೇ.

ನನ್ನ ಚಿಂತೆಯೇ ಬೇರೆ. ಸೋಮವಾರ ಇಪ್ಪತ್ತೊಂದಕ್ಕೆ ಸರ್ವೆ ಶಾಲೆಯಲ್ಲಿ ಮಗಳ ಸಂದರ್ಶನ. ಭೂಮಿ ಅಳೆಯುವ ಕೆಲಸ ಕಲಿಯಬೇಕು ಅಂತ ಅವಳಿಗೆ ಚಿಕ್ಕಂದಿನಿಂದ ಆಸೆ. ಅಂಕಗಳು ಬೇಕಾದಷ್ಟಿವೆ. ಆದರೆ ಹದಿನೇಳು ತುಂಬುತ್ತಾ ಬಂದರೂ ತೊದಲು ಹೋಗಿಲ್ಲ. ಮೊದಲ ಅಕ್ಷರದಲ್ಲೇ ಸಿಕ್ಕಿಕೊಳ್ಳುತ್ತಾಳೆ, ಕತ್ತಿನ ನರ ಉಬ್ಬುತ್ತದೆ, ನನಗೆ ನೋಡಲಾಗುವುದಿಲ್ಲ. ಅವಳ ವಾಕ್ಯ ನಾನೇ ಮುಗಿಸಿಕೊಡುತ್ತೇನೆ. ಮೊದಲಿಂದಲೂ ಹಾಗೇ ನಡೆದುಬಂದಿದೆ. ಸಂದರ್ಶನದಲ್ಲೂ ಅವಳ ಪಕ್ಕ ಕೂತು ಉತ್ತರ ಹೇಳಲು ಅನುಮತಿ ಕೊಡಿ ಎಂದು ಶಾಲೆಗೆ ಪತ್ರ ಬರೆದಿದ್ದೆ, ಒಪ್ಪಿದ್ದಾರೆ. ನಾನು ಬರುವುದು ನಿಜವೋ ಇಲ್ಲವೋ ಎಂದು ಹತ್ತೊಂಬತ್ತರ ಶನಿವಾರ ಮಧ್ಯಾಹ್ನ ಹನ್ನೆರಡರೊಳಗೆ ಫೋನ್ ಮಾಡಿ ಹೇಳಬೇಕು. ನನ್ನ ಬೀಗ ತೆಗೆಯುವುದೂ ಅಂದೇ ಬೆಳಗ್ಗೆ. ದೇವರು ದೊಡ್ಡವನು.

ಏಪ್ರಿಲ್ 10, ಗುರುವಾರ

ಬಂದೆವು. ಬಿಸಿಲು ಅಂದರೆ ಬಿಸಿಲು. ಸಾಲಾಗಿ ಮೂವತ್ತು ಡೇರೆಗಳು, ನಡುವೆ ಒಂದು ನಲ್ಲಿ, ಒಂದು ಕ್ಯಾಂಟೀನು, ಒಂದು ಆಫೀಸು. ಮೊಬೈಲಿಗೆ ಸಿಗ್ನಲ್ ಇಲ್ಲ. ಫೋನ್ ಬೇಕಾದವರು ಆಫೀಸಿನ ಮೇಜಿನ ಮುಂದೆ ನಿಲ್ಲಬೇಕು.

ಭಾವಮೈದುನ ಡೇರೆಯ ಬಾಗಿಲನ್ನು ಗಾಳಿಗೆ ಎದುರಾಗಿ ನಿಲ್ಲಿಸುತ್ತಿದ್ದ. ಕೈ ಬೀಸಿದೆ, ಕಾಲು ಕುಟ್ಟಿದೆ. "ಭಾವ, ನೀವು ಕೂತ್ಕೊಳ್ಳಿ, ಆರಾಮ್ ಮಾಡಿ" ಎಂದ. ಹೆಂಡತಿ ಕೊಡಿಸಿದ ಮಕ್ಕಳ ಸ್ಲೇಟು ತೆಗೆದೆ. ಪ್ಲಾಸ್ಟಿಕ್ಕಿನದು, ಬರೆದು ಹಾಳೆ ಎತ್ತಿದರೆ ಅಳಿಸಿಹೋಗುತ್ತದೆ. 'ಗಾಳಿ ಆ ಕಡೆಯಿಂದ' ಎಂದು ಬರೆಯುವಷ್ಟರಲ್ಲಿ ಡೇರೆ ಬಲೂನಿನಂತೆ ಉಬ್ಬಿ ಮಗುಚಿಕೊಂಡಿತು. ಎಲ್ಲರೂ ನಕ್ಕರು. ಮೈಯೆಲ್ಲ ಉರಿದುಹೋಯಿತು. ಒಂದು ಮಾತಿನಲ್ಲಿ ಮುಗಿಯುವ ಕೆಲಸಕ್ಕೆ ಒಂದು ಗಂಟೆ.

ಹಾಸಿಗೆಯಲ್ಲಿ ಮರಳು, ಕಿವಿಯಲ್ಲಿ ಮರಳು. ಹತ್ತು ದಿನ ಹೇಗೆ ತಳ್ಳುವುದು?

ಏಪ್ರಿಲ್ 11, ಶುಕ್ರವಾರ

ಬೆಳಗ್ಗೆ ಕ್ಯಾಂಟೀನಿಗೆ ಹೋದೆವು. ಹೊರಗೆ ಹೋದಾಗ ನಾಲ್ವರಿಗೂ ಹೇಳುವವನು ಯಾವಾಗಲೂ ನಾನೇ. ಮಗಳಿಗೆ ನಿಂಬೆ ಶರಬತ್ತು. ಇವತ್ತು ಸ್ಲೇಟು ಡೇರೆಯಲ್ಲೇ ಉಳಿದಿತ್ತು. ಕ್ಯಾಂಟೀನಿನ ಹೆಂಗಸು ಮಗಳ ಕಡೆ ತಿರುಗಿ "ನಿಂಗೇನಮ್ಮ?" ಎಂದಳು. ನಾನು ಲೋಟ ತೋರಿಸಿ, ನಿಂಬೆಹಣ್ಣು ಹಿಂಡುವ ಹಾಗೆ ಕೈ ಮಾಡಿ ತೋರಿಸುತ್ತಿದ್ದೆ. ಆ ಹೆಂಗಸು ನನ್ನನ್ನು ನೋಡಲೇ ಇಲ್ಲ.

"ಟ... ಟ... ಟೀ" ಎಂದಳು ಮಗಳು.

ಟೀ ಬಂತು. ಸಕ್ಕರೆ ಕಮ್ಮಿ ಹಾಕಿಸಿಕೊಂಡು ಸೊರ್ ಸೊರ್ ಎಂದು ಎರಡು ಲೋಟ ಕುಡಿದಳು. ಇವಳಿಗೆ ಟೀ ಇಷ್ಟ ಅಂತ ಯಾರಿಗೆ ಗೊತ್ತಿತ್ತು? ಡೇರೆಗೆ ಬಂದ ಮೇಲೆ ಅದನ್ನೇ ಸ್ಲೇಟಿನಲ್ಲಿ ಬರೆದು ಹೆಂಡತಿಗೆ ತೋರಿಸಿದೆ. "ನಂಗೆ ಗೊತ್ತಿತ್ತು" ಎಂದು ಟವೆಲ್ ಕೊಡವಿದಳು.

ಇರಲಿ. ಟೀ ಏನು ದೊಡ್ಡ ವಿಷಯವಲ್ಲ.

ಏಪ್ರಿಲ್ 13, ಭಾನುವಾರ

ನಿನ್ನೆ ಬರೆಯಲಿಲ್ಲ. ದಡದ ಈ ತುದಿಯಿಂದ ಆ ತುದಿಗೆ ಎಂಟು ಸಲ ನಡೆದೆ. ಸುಮ್ಮನೆ ಕೂತರೆ ಗಂಟಲೊಳಗೆ ಮಾತು ಇರುವೆಗಳ ಹಾಗೆ ಹರಿದಾಡುತ್ತದೆ.

ಮಗಳು ದಡದಲ್ಲಿ ಕಡ್ಡಿ ನೆಡುತ್ತಿದ್ದಾಳೆ. ಪ್ರತಿ ಗಂಟೆಗೂ ನೀರು ಎಲ್ಲಿಯವರೆಗೆ ಬಂತು ಎಂದು ನೋಡಿ ಒಂದು ಕಡ್ಡಿ. ಕಡ್ಡಿಯಿಂದ ಕಡ್ಡಿಗೆ ಹೆಜ್ಜೆಯಲ್ಲಿ ಅಳೆದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಾಳೆ. ಅವಳ ಹೆಜ್ಜೆ ಎಷ್ಟುದ್ದ ಎಂದು ಅವಳಿಗೆ ಅಂಗುಲದ ಲೆಕ್ಕದಲ್ಲಿ ಗೊತ್ತು. ನೋಡಿ ಹೆಮ್ಮೆಯಾಯಿತು.

ಸಂಜೆ ನನ್ನ ಹತ್ತಿರ ಬಂದು ಕೂತಳು. "ಅಪ್ಪ, ಮುಂ... ಮುಂದಿನ ಸೋಮವಾರ ನೀ... ನೀ..." ಎಂದು ನಿಂತಳು. ಕತ್ತಿನ ನರ ಉಬ್ಬಿತು. ಪಾಪ, ಹೆದರಿಕೊಂಡಿದ್ದಾಳೆ. ತಕ್ಷಣ ಸ್ಲೇಟಿನಲ್ಲಿ 'ಬರ್ತೀನಿ, ಪಕ್ಕದಲ್ಲೇ ಇರ್ತೀನಿ, ಹೆದರಬೇಡ' ಎಂದು ಬರೆದು ಹಿಡಿದೆ. ಓದಿದಳು. ತಲೆಯಾಡಿಸಿ ಎದ್ದುಹೋದಳು.

ಬಾಯಿ ಇಲ್ಲದಿದ್ದರೂ ಅಪ್ಪ ಅಪ್ಪನೇ. ಸಮಾಧಾನವಾಯಿತು.

ಏಪ್ರಿಲ್ 14, ಸೋಮವಾರ

ಭಾವಮೈದುನ ಎಂಬ ಮಹಾನುಭಾವ ಒಲೆಯಿಂದ ಇಳಿಸಿದ ಪಾತ್ರೆಯನ್ನು ನನ್ನ ಸ್ಲೇಟಿನ ಮೇಲೆ ಇಟ್ಟ. ಕರಗಿ ಪಾತ್ರೆಯ ತಳಕ್ಕೆ ಅಂಟಿಕೊಂಡಿದೆ. "ಮಣೆ ಅನ್ಕೊಂಡೆ ಭಾವ" ಎನ್ನುತ್ತಾನೆ. ಮಣೆಯಂತೆ ಮಣೆ!

ಕ್ಯಾಂಪಿನಲ್ಲಿ ಕಾಗದ ಸಿಗುವುದಿಲ್ಲ. ಈ ಪುಸ್ತಕದ ಹಾಳೆ ಹರಿದು ಬರೆಯಿರಿ ಎಂದಳು ಹೆಂಡತಿ. ಕೊಡುವುದಿಲ್ಲ. ಇದು ನನ್ನದು, ಎಲ್ಲರೆದುರು ಹೊರತೆಗೆದು ಹಾಳೆ ಹರಿಯಹೊರಟರೆ ಬರೆದದ್ದನ್ನು ಯಾರಾದರೂ ಓದಿಬಿಡುತ್ತಾರೆ. ಮಗಳು ತನ್ನ ಪುಸ್ತಕದಿಂದ ಒಂದು ಹಾಳೆ ಕೊಡಬಹುದಿತ್ತು. ಕೊಡಲಿಲ್ಲ, ನಾನೂ ಕೇಳಲಿಲ್ಲ.

ಏಪ್ರಿಲ್ 15, ಮಂಗಳವಾರ

ತಲೆ ಚಿಟ್ಟು ಹಿಡಿದಿದೆ. ಮಗಳು ಅಳತೆಗೆ ಒಬ್ಬರು ಬೇಕು ಎಂದು ಕೋಲಿನ ಒಂದು ತುದಿ ನನ್ನ ಕೈಗೆ ಕೊಟ್ಟಳು. ಬೇರೆ ಕೆಲಸವೇನಿದೆ? ಹಿಡಿದು ನಿಂತೆ. ಹಿಂದೆ, ಮುಂದೆ, ಎಡಕ್ಕೆ ಎಂದು ಕೈಸನ್ನೆಯಲ್ಲೇ ಕುಣಿಸಿದಳು.

ಒಬ್ಬ ಮುದುಕರು ನಡೆದು ಬಂದವರು ನಿಂತರು. ನಿವೃತ್ತ ದಂತವೈದ್ಯರಂತೆ, ಕೊನೆಯ ಡೇರೆಯವರು. "ಏನು ಮಾಡ್ತಿದ್ದೀರಮ್ಮ?" ಎಂದು ಮಗಳನ್ನು ಕೇಳಿದರು. ನನ್ನ ಕೈ ತಾನಾಗಿ ಸ್ಲೇಟು ತಡಕಿತು. ಇಲ್ಲ. ಬಾಯಿ ತೆರೆದೆ, ಮುಚ್ಚಿದೆ.

ಮಗಳು ಹೇಳತೊಡಗಿದಳು. ನೀರು ಎಷ್ಟು ಹೊತ್ತಿಗೆ ಎಲ್ಲಿ ಬರುತ್ತದೆ, ದಡದ ಇಳಿಜಾರು ಎಷ್ಟು, ಆ ಕಡೆಯ ನಾಲ್ಕು ಡೇರೆಗಳು ಯಾಕೆ ತಪ್ಪು ಜಾಗದಲ್ಲಿವೆ. ಒಂದೊಂದು ಮಾತಿಗೂ ನಿಲ್ಲುತ್ತಿದ್ದಳು. ಮೈಕಿನಲ್ಲಿ ಮೂರು ಸೆಕೆಂಡು ಖಾಲಿ ಬಿಟ್ಟರೆ ಜನ ತಲೆಯೆತ್ತಿ ಸ್ಪೀಕರ್ ನೋಡುತ್ತಾರೆ, ಗಾಬರಿಯಾಗುತ್ತಾರೆ. ಅದಕ್ಕೇ ಯಾವ ಬಸ್ಸೆಂದು ಬರೆದ ಚೀಟಿ ಕೈಗೆ ಬರುವುದು ತಡವಾದರೆ 'ನಿಮ್ಮ ಸಾಮಾನುಗಳ ಮೇಲೆ ಗಮನವಿರಲಿ' ಅಂತಾದರೂ ಹೇಳಿ ತುಂಬಿಸುತ್ತೇನೆ. ಕೆಲಸಕ್ಕೆ ಸೇರಿದ ಮೊದಲ ದಿನವೇ ಕಲಿಸಿದ ಪಾಠ ಅದು. ಇಲ್ಲಿ ಮೂರಲ್ಲ, ಹತ್ತು ಹತ್ತು ಸೆಕೆಂಡು. ನನಗೆ ಬೆವರು. ಮುದುಕರಿಗೆ ಮಾತ್ರ ಏನೂ ಇಲ್ಲ. ಕೈ ಹಿಂದೆ ಕಟ್ಟಿಕೊಂಡು, ಬಾಯಿ ತೆರೆದುಕೊಂಡು ಕೂರುವ ರೋಗಿಯ ಮುಂದೆ ನಿಂತು ರೂಢಿಯಾದವರ ಹಾಗೆ ಆರಾಮಾಗಿ ನಿಂತಿದ್ದರು.

"ನನ್ನ ಡೇರೆ?" ಎಂದು ಕೇಳಿದರು ಕೊನೆಗೆ.

"ನಿಮ್ದು ಹು... ಹುಣ್ಣಿಮೆ ದಿನ ಒದ್ದೆ ಆಗುತ್ತೆ."

ಇಬ್ಬರೂ ನಕ್ಕರು. ನನ್ನ ಮಗಳು ಜೋಕು ಮಾಡುತ್ತಾಳೆ. ಪರವಾಗಿಲ್ಲ. ಆದರೂ ಸಂದರ್ಶನ ಮಾಡುವವರಿಗೆ ನಿವೃತ್ತಿಯಾಗಿರುವುದಿಲ್ಲ, ಅವರು ಗಡಿಯಾರ ನೋಡುತ್ತಾರೆ.

ಏಪ್ರಿಲ್ 16, ಬುಧವಾರ

ಕೋಲು ಹಿಡಿದೆ. ಬಿಸಿಲಿಗೆ ಮೂಗಿನ ಸಿಪ್ಪೆ ಸುಲಿಯುತ್ತಿದೆ. ನಿಲ್ದಾಣದಲ್ಲಿ ಆ ಕೆಮ್ಮುವ ಹುಡುಗಿ ಏನು ಮಾಡುತ್ತಿದ್ದಾಳೋ.

ಏಪ್ರಿಲ್ 17, ಗುರುವಾರ

ಪಾತ್ರೆ ತೊಳೆಯುವಾಗ ಹೆಂಡತಿ ಕೇಳಿದಳು: "ರೀ, ಆ ಪತ್ರದಲ್ಲಿ ಏನಂತ ಬರ್ದಿದೀರಿ?"

ಕೈ ಆಡಿಸಿದೆ, ಅದೇ, ಎಲ್ಲರೂ ಬರೆಯುವ ಹಾಗೆ.

"ಅವ್ಳಿಗೆ ತೋರ್ಸಿದ್ರಾ?"

ಮರಳಿನಿಂದ ಪಾತ್ರೆ ಉಜ್ಜಿದೆ.

"ನೋಡಿ, ಇಷ್ಟು ವರ್ಷ ನಾನೂ ಸುಮ್ನಿದ್ದೆ. ನಿಮ್ಮ ಬಾಯಿಗೆ ಯಾರು ಅಡ್ಡ ಬರ್ತಾರೆ ಅಂತ. ಈ ವಾರ ಅವ್ಳು ನನ್ ಜೊತೆ ಎಷ್ಟು ಮಾತಾಡಿದಾಳೆ ಗೊತ್ತಾ? ನಿಮ್ಗೆ ಆಪರೇಷನ್ ಆಗಿದ್ದು ಅವ್ಳಿಗೆ ರಜಾ ಸಿಕ್ಕ ಹಾಗಾಗಿದೆ."

ಇಂಥ ಮಾತಿಗೆ ಉತ್ತರ ಕೊಡಲಾಗದ ಸ್ಥಿತಿ ಶತ್ರುವಿಗೂ ಬೇಡ. ನಾನೇನು ನನಗೋಸ್ಕರ ಮಾಡಿದೆನೇ? ಒಂದನೇ ತರಗತಿಯಲ್ಲಿ ಮಕ್ಕಳೆಲ್ಲ ಅವಳನ್ನು ಅಣಕಿಸಿ ನಕ್ಕಾಗ ಶಾಲೆಗೆ ಹೋಗಿ ಕೂಗಾಡಿ ಬಂದವನು ಯಾರು? ಅವಳ ಬದಲು ಮಾತಾಡಿ ಮಾತಾಡಿಯೇ ನನ್ನ ಗಂಟಲಲ್ಲಿ ಒಂದು ಗಂಟಾದರೂ ಬೆಳೆದಿರಬೇಕು. ಪತ್ರದಲ್ಲಿ ಸೀಟು ಸಿಗಲಿ ಎಂದು ಒಂದೆರಡು ಮಾತು ಒತ್ತಿ ಬರೆದಿದ್ದೇನೆ, ಅಷ್ಟೇ. ಅದನ್ನು ಅವಳಿಗೆ ಯಾಕೆ ತೋರಿಸಬೇಕು?

ದಡದ ತುದಿಯವರೆಗೆ ನಡೆದುಹೋಗಿ ಒಂದು ಗಂಟೆ ಕಲ್ಲು ಎಸೆದೆ.

ಏಪ್ರಿಲ್ 18, ಶುಕ್ರವಾರ

ಕೊನೆಯ ಮೂಕ ದಿನ. ಭಾವಮೈದುನ ನನ್ನ ಮೊದಲ ಮಾತು ಏನಿರುತ್ತದೆ ಎಂದು ಹೆಂಡತಿಯ ಜೊತೆ ಪಂದ್ಯ ಕಟ್ಟಿದ್ದಾನೆ. ಅವನ ಪ್ರಕಾರ 'ಪ್ರಯಾಣಿಕರ ಗಮನಕ್ಕೆ'. ಅವಳ ಪ್ರಕಾರ ಬೈಗುಳ.

ಮಧ್ಯಾಹ್ನ ಕಡ್ಡಿಗಳ ನಡುವೆ ಕೋಲು ಹಿಡಿದು ನಿಂತಿದ್ದಾಗ ಮಗಳು ಕೆಲಸ ನಿಲ್ಲಿಸಿದಳು. "ಅಪ್ಪ, ನಾ... ನಾಳೆ ಫೋ..." ಎಂದು ನಿಂತಳು. ಫೋನು, ಗೊತ್ತು. ನೆನಪಿದೆಯೇ ಎಂದು ಕೇಳುತ್ತಿದ್ದಾಳೆ ಎಂದುಕೊಂಡು ತಲೆಯಾಡಿಸಿದೆ. ಅವಳು ಅಡ್ಡಡ್ಡ ತಲೆಯಾಡಿಸಿದಳು, ಅದಲ್ಲ ಎಂದು. ಮತ್ತೆ ಮೊದಲಿಂದ ಶುರು ಮಾಡಿದಳು. ನಾನು ಬಗ್ಗಿ ಮರಳಿನಲ್ಲಿ ಬೆರಳಿನಿಂದ ಏನೋ ಬರೆಯಹೊರಟೆ. ಅವಳು ಅದರ ಮೇಲೆ ಕಾಲಿಟ್ಟಳು. ಮೆಲ್ಲಗೆ ಇಟ್ಟಳು, ಸಿಟ್ಟಿನಿಂದಲ್ಲ.

ನಿಂತೆ. ಕಾದೆ. ಕತ್ತಿನ ನರ ನೋಡುವ ಬದಲು ಮುಖ ನೋಡಿದೆ. ಅವಳಿಗೆ ಎಡ ಹುಬ್ಬಿನೊಳಗೆ ಒಂದು ಮಚ್ಚೆ ಇದೆ. ಅದು ಯಾವಾಗ ಬಂತೋ.

"ಫೋನ್ ನಾ... ನಾನೇ ಮಾಡ್ತೀನಿ."

ಫೋನ್ ಅಂದರೆ ಅವಳು ಮಾರುದೂರ ಓಡುವವಳು. ಆಗಲಿ ಎಂದು ಸನ್ನೆ ಮಾಡಿದೆ. ಹೇಗೂ ನಾಳೆ ನನಗೆ ಗಂಟಲಿರುತ್ತದೆ, ಪಕ್ಕದಲ್ಲೇ ನಿಂತಿರುತ್ತೇನೆ. ಅವಳು ಸಿಕ್ಕಿಕೊಂಡರೆ ಫೋನ್ ಇಸಿದುಕೊಂಡು ನಾನೇ ಹೇಳಿಬಿಡುತ್ತೇನೆ.

ಏಪ್ರಿಲ್ 19, ಶನಿವಾರ

ಇವತ್ತಿನದನ್ನು ಬಿಡದೆ ಬರೆಯಬೇಕು.

ಹನ್ನೊಂದೂವರೆಗೆ ನಾನೂ ಮಗಳೂ ಆಫೀಸಿಗೆ ಹೋದೆವು. ಒಂದೇ ಕೋಣೆ. ಮೊಳೆಗಳಿಗೆ ಬೀಗದ ಕೈಗಳು, ಮೇಜಿನ ಮೇಲೆ ಫ್ಯಾನು. ಫೋನಿನ ರಿಸೀವರ್ ಒಡೆದಿದ್ದರಿಂದ ಸ್ಪೀಕರಿನಲ್ಲೇ ಮಾತಾಡಬೇಕು. ಕ್ಯಾಂಪಿನ ಮ್ಯಾನೇಜರು ಎದುರಿಗೇ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದರು. ಲೈನ್ ಬ್ಯುಸಿ, ಬ್ಯುಸಿ. ಹನ್ನೊಂದು ನಲವತ್ತಕ್ಕೆ ಸಿಕ್ಕಿತು.

"ಹಲೋ, ಸರ್ವೆ ಶಾಲೆ."

ಮಗಳ ತುಟಿ ಬಿಗಿಯಿತು. ಗಾಳಿಯೂ ಹೊರಡಲಿಲ್ಲ.

"ಹಲೋ? ಹಲೋ? ಕೇಳಿಸ್ತಿಲ್ಲ." ಟಕ್.

ಮತ್ತೆ ಒತ್ತಿದಳು. "ನ... ನ... ನ..." ಎಂದಳು. ಆ ಕಡೆಯ ಗುಮಾಸ್ತ "ಯಾರ್ರೀ ಅದು, ಬೇರೆ ಕೆಲ್ಸ ಇಲ್ವಾ?" ಎಂದು ಇಟ್ಟುಬಿಟ್ಟ.

ಮ್ಯಾನೇಜರು ಗಡಿಯಾರ ನೋಡಿ "ನೀವೇ ಹೇಳ್ಬಿಡಿ ಸಾರ್, ಹನ್ನೆರಡಾಗ್ತಾ ಬಂತು" ಎಂದರು. ನನ್ನ ಕೈ ಫೋನಿನ ಕಡೆ ಹೋಗಿತ್ತು. ಮಗಳು ನನ್ನ ಕೈಯನ್ನು ನೋಡಿದಳು, ಆಮೇಲೆ ನನ್ನನ್ನು. ಬೇಡ ಎನ್ನಲಿಲ್ಲ. ಈ ವಾರವೆಲ್ಲ ಕೋಲು ಹಿಡಿದಾಗ ನೋಡುತ್ತಿದ್ದಳಲ್ಲ, ಅಲ್ಲೇ ಇರು ಎಂದು, ಹಾಗೆ ನೋಡಿದಳು. ಕೈ ಹಿಂದಕ್ಕೆ ಕಟ್ಟಿಕೊಂಡೆ.

ಮೂರನೇ ಸಲ ಆ ಕಡೆ ಎತ್ತಿದ ಕೂಡಲೇ ಅವಳು ಉಗುರಿನಿಂದ ಫೋನಿನ ಮೇಲೆ ಬಡಿದಳು. ಟಕ್ ಟಕ್ ಟಕ್. "ಯಾರು? ಯಾರಾದ್ರೂ ಇದೀರಾ?" ಎಂದ ಗುಮಾಸ್ತ. ಟಕ್ ಟಕ್. ಮತ್ತೆ, "ನಾನು ತೊ... ತೊದಲ್ತೀನಿ. ಫೋನ್ ಇ... ಇಡ್ಬೇಡಿ."

ಇಡಲಿಲ್ಲ ಪುಣ್ಯಾತ್ಮ. ಅರ್ಜಿಯ ನಂಬರು ಹೇಳಿದಳು. ಒಂದೊಂದು ಅಂಕಿಗೂ ಒಂದೊಂದು ಯುಗ. ಆ ಕಡೆ ಕಾಗದ ಮಗುಚಿದ ಸದ್ದು.

"ಅರ್ಜಿ ಸಿಕ್ತು. ಆದ್ರೆ ಇದರ ಜೊತೆ ಒಂದು ಪತ್ರ ಇದೆಯಲ್ಲಮ್ಮ. 'ನನ್ನ ಮಗಳಿಗೆ ಮಾತು ಬರುವುದಿಲ್ಲ. ಆದ್ದರಿಂದ ಅವಳ ಪರವಾಗಿ ಎಲ್ಲ ಪ್ರಶ್ನೆಗಳಿಗೂ ನಾನೇ ಉತ್ತರಿಸುತ್ತೇನೆ' ಅಂತ ತಂದೆ ಬರ್ದಿದಾರೆ. ಹಾಗಾದ್ರೆ ನೀವ್ಯಾರು?"

ಫ್ಯಾನು ಒಂದು ಸುತ್ತು ತಿರುಗಿ ಬಂತು. ಮ್ಯಾನೇಜರು ಉಗುರು ಬಿಟ್ಟು ನನ್ನನ್ನು ನೋಡಿದರು. ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಸ್ಪಷ್ಟವಾಗಿ ಓದಿದ ಮಹಾರಾಯ, ಒಂದಕ್ಷರ ಬಿಡದೆ. ನನ್ನ ವಾಕ್ಯಗಳೇ. ಬರೆದಾಗ ಎಷ್ಟು ಚೆನ್ನಾಗಿ ಕಂಡಿದ್ದವು.

ಮಗಳು ನನ್ನ ಕಡೆ ತಿರುಗಲಿಲ್ಲ. ಫೋನಿಗೇ ಹೇಳಿದಳು.

"ನಾ... ನಾನೇ ಅವ್ಳು." ಆಮೇಲೆ ತುಂಬ ಹೊತ್ತು ಏನೂ ಇಲ್ಲ. ಒಂದು ಸಲ ಬಡಿದಳು, ಇದ್ದೇನೆ ಎಂದು. "ಮಾ... ಮಾತು ಬರುತ್ತೆ. ತ... ತಡವಾಗಿ ಬರುತ್ತೆ. ಅಷ್ಟೇ."

ಈ ಮಾತನ್ನು ಬಸ್ಸುಗಳ ಬಗ್ಗೆ ದಿನಕ್ಕೆ ನಲವತ್ತು ಸಲ ನಾನೇ ಹೇಳುತ್ತೇನೆ. ಜನ ಬೈದುಕೊಂಡಾದರೂ ಕಾಯುತ್ತಾರೆ.

"ಸರಿಯಮ್ಮ" ಎಂದ ಗುಮಾಸ್ತ. ಅವನ ಧ್ವನಿ ಇಳಿದಿತ್ತು. "ತಂದೆ ಜೊತೆಗೆ ಬರ್ತಾರಾ?"

"ಇಲ್ಲ. ಒಬ್ಳೇ ಬ... ಬರ್ತೀನಿ."

"ಆಯ್ತು. ನಿಮ್ಮ ಸಂದರ್ಶನಕ್ಕೆ ಹತ್ತು ನಿಮಿಷ ಜಾಸ್ತಿ ಅಂತ ಬರ್ಕೊಳ್ತೀನಿ."

ಹೋದ ಭಾನುವಾರ ಸಂಜೆಯಿಂದ ಅವಳು ಹೇಳಬೇಕೆಂದಿದ್ದದ್ದು ಇದನ್ನೇ. ಸೋಮವಾರ ನೀ ಬರಬೇಡ ಅಂತ. ನಾನು ಬರ್ತೀನಿ ಎಂದು ಬರೆದು ಹಿಡಿದಿದ್ದೆ.

ಹೊರಗೆ ಬಂದು ಅವಳು ನೇರ ನೀರಿನ ಕಡೆ ನಡೆದಳು. ನಾನು ನಲ್ಲಿಯ ಹತ್ತಿರ ನಿಂತುಬಿಟ್ಟೆ. ಭಾವಮೈದುನ ಎಲ್ಲಿಂದಲೋ ಓಡಿಬಂದ. "ಭಾವ, ಏನ್ ಹೀಗ್ ನಿಂತಿದೀರಿ? ಬೆಳಗ್ಗೆಯೇ ಗಡುವು ಮುಗೀತಲ್ಲ! ಪಂದ್ಯ ಏನಾಯ್ತು? ಏನ್ ಮಾತಾಡಿದ್ರಿ ಮೊದಲು?"

ಆಗಲೇ ನೆನಪಾದದ್ದು. ಬೆಳಗ್ಗೆಯಿಂದ ಮಾತಾಡಬಹುದಿತ್ತು. ಬೀಗ ತೆಗೆದಿತ್ತು, ನಾನು ಬಾಗಿಲು ತಳ್ಳಿ ನೋಡಿರಲೇ ಇಲ್ಲ. ವಯಸ್ಸಾಯಿತೇನೋ, ಮರೆವು.

ಅವನನ್ನು ಅಲ್ಲೇ ಬಿಟ್ಟು ದಡಕ್ಕೆ ಹೋದೆ. ಮಗಳು ಒದ್ದೆ ಮರಳಿನಲ್ಲಿ ಕೂತಿದ್ದಳು. ಪಕ್ಕ ಕೂತೆ. ಏನು ಹೇಳುವುದು? ಪತ್ರ ಬರೆದದ್ದು ನಿನ್ನ ಒಳ್ಳೆಯದಕ್ಕೇ ಎಂದು ಶುರು ಮಾಡಬಹುದಿತ್ತು. ಗಂಟಲಲ್ಲಿ ಆ ವಾಕ್ಯ ಬಂದು ಕೂತಿತ್ತು, ಪೂರ್ತಿ ತಯಾರಾಗಿ. ಅದು ನನಗೇ ಅಸಹ್ಯವಾಯಿತು.

ಅವಳೇ ಮಾತಾಡಿದಳು. ಎಷ್ಟು ಹೊತ್ತು ಹಿಡಿಯಿತೋ. ನೀರು ಅವಳ ಒಂದು ಕಡ್ಡಿಯಿಂದ ಇನ್ನೊಂದಕ್ಕೆ ಸರಿದಿತ್ತು. ಅವಳು ಹೇಳಿದ್ದನ್ನು ತೊದಲು ಬಿಟ್ಟು ಬರೆಯುತ್ತೇನೆ, ಬರೆಯುವಾಗ ಬೇಗ ಮುಗಿದುಹೋಗುತ್ತದೆ, ಅದು ಸುಳ್ಳು.

"ನನ್ನ ಬಾಯಲ್ಲಿದ್ದದ್ದು ಒಂದು, ನೀನು ಹೇಳಿದ್ದು ಇನ್ನೊಂದು. ಸುಮಾರು ಸಲ ಹಾಗೇ ಆಗಿದೆ ಅಪ್ಪ. ಶರಬತ್ತು. ನೀಲಿ ಸೈಕಲ್. ಸಂಗೀತದ ಕ್ಲಾಸ್ ಬಿಟ್ಟಿದ್ದು. ನಾನು ಎಲ್ಲದಕ್ಕೂ ಹೂಂ ಅಂದೆ. ಯಾಕೆ ಗೊತ್ತಾ? ಹೂಂ ಅನ್ನೋಕೆ ಮಾತ್ರ ನಂಗೆ ತೊದಲು ಬರಲ್ಲ."

ಹದಿನೇಳು ವರ್ಷದ ಹೂಂಗಳು. ಅವೆಲ್ಲ ಒಪ್ಪಿಗೆ ಎಂದುಕೊಂಡಿದ್ದೆನಲ್ಲ, ಖುಷಿ ಎಂದುಕೊಂಡಿದ್ದೆನಲ್ಲ. ಅವಳು ಸಂಗೀತ ಬಿಡಬೇಕು ಎಂದಿರಲಿಲ್ಲವೇ? ಏನು ಹೇಳಹೊರಟಿದ್ದಳು? ಕೇಳಲು ಧೈರ್ಯ ಬರಲಿಲ್ಲ. ಕಣ್ಣು ತುಂಬಿ ಬಂತು, ಸಮುದ್ರ ಕಾಣಲಿಲ್ಲ.

ಅವಳು ನನ್ನ ಮುಖ ನೋಡುತ್ತಿದ್ದಳು, ನಾನು ಕೇಳುತ್ತಿದ್ದೇನೋ ಇಲ್ಲವೋ ಎಂದು. ಅವಳ ಮಾತು ಇನ್ನೂ ಮುಗಿದಿರಲಿಲ್ಲ. ಮುಂದಿನ ಅಕ್ಷರ ತುಟಿಯಲ್ಲಿ ಸಿಕ್ಕಿಕೊಂಡಿತ್ತು.

"ಹೂಂ" ಎಂದೆ.

ಹನ್ನೊಂದು ದಿನದ ಮೇಲೆ ನನ್ನ ಗಂಟಲಿಂದ ಹೊರಟದ್ದು ಅಷ್ಟೇ, ಅದೂ ಒಡಕು ಧ್ವನಿಯಲ್ಲಿ. ಅವಳು ಮುಂದುವರಿಸಿದಳು.